ಹಿಡಿದುಕೊಳ್ಳುವ ಚೋಕ್: ಹಳೆಯ ಕಾರಿನ ಕಾರ್ಬುರೇಟರ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಆಲ್ದೂರಿನ ಬಳಿಯ ಕಾಫಿ ತೋಟವೊಂದರ ಹಳೆಯ ಜೀಪಿನ ಕಾರ್ಬುರೇಟರನ್ನು, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲು ಬೆರೆಸುವ ಭಾಗವನ್ನು, ನಾನು ಒಂದೇ ವಾರದಲ್ಲಿ ಮೂರು ಸಲ ಬಿಚ್ಚಿ ಜೋಡಿಸಿದ್ದುಂಟು. ಮೇಜಿನ ಮೇಲೆ ದಿನಪತ್ರಿಕೆಯ ಹಾಳೆ ಹಾಸಿ ಇಟ್ಟಾಗ ಅದರ ಚೋಕ್ ಪ್ಲೇಟು, ಅಂದರೆ ಗಾಳಿ ಬರುವ ಬಾಯಿಯನ್ನು ಮುಚ್ಚುವ ತಗಡು, ಬೆರಳು ಸೋಕಿದರೆ ಸಾಕು, ಸಲೀಸಾಗಿ ತಿರುಗುತ್ತಿತ್ತು. ಅದನ್ನೇ ಎಂಜಿನ್ನಿನ ಮೇಲೆ ಕೂರಿಸಿ, ಏರ್ ಕ್ಲೀನರಿನ ಕೊಳವೆ ಸಿಕ್ಕಿಸಿ, ಡ್ಯಾಶ್‌ಬೋರ್ಡಿನ ಗುಂಡಿಯನ್ನು ಎಳೆದು ಬಿಟ್ಟರೆ ಪ್ಲೇಟು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ನಾನು ಮೂರು ಸಲ ಹುಡುಕಿದ ಜಾಗದಲ್ಲಿ ದೋಷವೇ ಇರಲಿಲ್ಲ. ಅದು ಎಲ್ಲಿತ್ತೆಂಬುದನ್ನು ಅದರ ಸರದಿ ಬಂದಾಗ ಹೇಳುತ್ತೇನೆ. ಚೋಕ್ ಹಿಡಿಯುತ್ತಿದೆ, ಅಂದರೆ ಸಲೀಸಾಗಿ ಚಲಿಸದೆ ಸಿಕ್ಕಿಕೊಳ್ಳುತ್ತಿದೆ ಎಂದಾದರೆ, ಗುಂಡಿಯಿಂದ ಪ್ಲೇಟಿನವರೆಗಿನ ಅಷ್ಟೂ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು, ಮತ್ತು ರಿಪೇರಿಯ ಭರದಲ್ಲಿ ನಾವೇ ಹೊಸದಾಗಿ ಹುಟ್ಟಿಸುವ ಬಿಗಿತಗಳನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು ಎಂಬುದು ಆ ವಾರದ ಕೊನೆಗೆ ನನಗೆ ಅರ್ಥವಾದ ಸಂಗತಿ.

ಚೋಕ್ ಏಕೆ ಬೇಕು ಎಂಬಲ್ಲಿಂದ ಆರಂಭಿಸುವುದು ಒಳ್ಳೆಯದು. ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಆದರೆ ಉರಿಯುವುದು ದ್ರವವಲ್ಲ, ಆವಿ. ತಣ್ಣಗಿರುವ ಎಂಜಿನ್ನಿನಲ್ಲಿ ಕಾರ್ಬುರೇಟರಿನಿಂದ ಹೊರಟ ಪೆಟ್ರೋಲಿನಲ್ಲಿ ಬಹುಪಾಲು ಆವಿಯಾಗದೆ, ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ಗೋಡೆಗೆ ತೇವವಾಗಿ ಅಂಟಿಕೊಂಡು ಉಳಿಯುತ್ತದೆ. ಸಿಲಿಂಡರಿಗೆ ತಲುಪುವ ಆವಿಯ ಪಾಲು ತೀರಾ ಕಡಿಮೆಯಾಗುವುದರಿಂದ, ಆ ಸ್ವಲ್ಪ ಹೊತ್ತಿನ ಮಟ್ಟಿಗೆ ಹಲವು ಪಟ್ಟು ಹೆಚ್ಚು ಪೆಟ್ರೋಲನ್ನು ಸುರಿದು, ಅದರಲ್ಲಿ ಹಗುರವಾದ ಅಂಶವಾದರೂ ಆವಿಯಾಗಲಿ ಎಂದು ಕಾಯಬೇಕಾಗುತ್ತದೆ. ಎಂಜಿನ್ ಬೆಚ್ಚಗಾದಂತೆ ಈ ಹೆಚ್ಚುವರಿಯನ್ನು ಹಿಂತೆಗೆದುಕೊಳ್ಳಬೇಕು. ಚೋಕಿನ ಕೆಲಸ ಇಷ್ಟೇ. ಅದರ ತೊಂದರೆಗಳೂ ಎರಡೇ ಬಗೆಯವು: ಬೇಕಾದಾಗ ಕೊಡದಿರುವುದು, ಬೇಡವಾದಾಗ ನಿಲ್ಲಿಸದಿರುವುದು.

ಎರಡನೆಯದು ನಮ್ಮ ಚಿಕ್ಕಮಗಳೂರಿನಲ್ಲಿ ಬಯಲುಸೀಮೆಗಿಂತ ತುಸು ಹೆಚ್ಚೇ ಕಾಡುತ್ತದೆ. ಊರು ಸಮುದ್ರಮಟ್ಟಕ್ಕಿಂತ 1,000 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಪೆಟ್ರೋಲನ್ನು ಕಡಿಮೆ ಮಾಡುವ ಜಾಣ್ಮೆ ಹಳೆಯ ಕಾರ್ಬುರೇಟರಿಗಿಲ್ಲ, ಹೀಗಾಗಿ ಮಿಶ್ರಣ ಮೊದಲೇ ಸ್ವಲ್ಪ ರಿಚ್ ಆಗಿರುತ್ತದೆ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚಿರುತ್ತದೆ. ಅದರ ಮೇಲೆ ಚೋಕ್ ಕಾಲು ಭಾಗ ಮುಚ್ಚಿಕೊಂಡೇ ಉಳಿದರೆ ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವಾಗ ಗಾಡಿ ಕಪ್ಪು ಹೊಗೆ ಬಿಡುತ್ತಾ ಮುಗ್ಗರಿಸುತ್ತದೆ, ಮಾಲೀಕರು ಇಗ್ನಿಷನ್ನಿನ ಮೇಲೆ ಅನುಮಾನಪಡುತ್ತಾರೆ.

ಇಲ್ಲಿ ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ಚೋಕ್ ಎಂಬ ಇಂಗ್ಲಿಷ್ ಪದಕ್ಕೆ ಉಸಿರುಗಟ್ಟಿಸುವುದೆಂದು ಅರ್ಥ, ಮತ್ತು ಜೀಪಿನ ಕಾರ್ಟರ್ ಕಾರ್ಬುರೇಟರಿನಲ್ಲಿ ನಡೆಯುವುದು ಅಕ್ಷರಶಃ ಅದೇ: ಗಾಳಿ ಬರುವ ಬಾಯಿಯಲ್ಲಿ ಒಂದು ದುಂಡನೆಯ ಪ್ಲೇಟು ಮುಚ್ಚಿಕೊಳ್ಳುತ್ತದೆ, ಎಂಜಿನ್ ಎಳೆಯುವ ನಿರ್ವಾತವೆಲ್ಲ ಪೆಟ್ರೋಲು ಬರುವ ಸಣ್ಣ ರಂಧ್ರವಾದ ಜೆಟ್ಟಿನ ಮೇಲೆ ಬಿದ್ದು ಪೆಟ್ರೋಲು ಧಾರಾಳವಾಗಿ ಹರಿಯುತ್ತದೆ. ಆದರೆ ಹಳೆಯ ಅಂಬಾಸಿಡರಿನ ಎಸ್‌ಯು ಕಾರ್ಬುರೇಟರಿನಲ್ಲಿ ಗಾಳಿಯನ್ನು ಮುಚ್ಚುವ ಪ್ಲೇಟೇ ಇಲ್ಲ. ಚೋಕ್ ಗುಂಡಿ ಎಳೆದರೆ ಜೆಟ್ಟೇ ಕೆಳಕ್ಕೆ ಇಳಿಯುತ್ತದೆ, ಮೊನಚಾಗುತ್ತಾ ಹೋಗುವ ಸೂಜಿಯ ಸುತ್ತಲಿನ ಸಂದು ಅಗಲವಾಗಿ ಹೆಚ್ಚು ಪೆಟ್ರೋಲು ಬರುತ್ತದೆ. ಪ್ರೀಮಿಯರ್ ಪದ್ಮಿನಿಗಳಲ್ಲಿ ಕಾಣಸಿಗುವ ಸೋಲೆಕ್ಸಿನದು ಮೂರನೆಯ ದಾರಿ: ಪಕ್ಕದಲ್ಲಿ ಅಂಟಿಕೊಂಡ ಒಂದು ಪುಟ್ಟ ಸ್ಟಾರ್ಟರ್ ಕಾರ್ಬುರೇಟರ್, ಅದರೊಳಗೆ ತೂತುಗಳಿರುವ ಒಂದು ಬಿಲ್ಲೆ, ಬಿಲ್ಲೆ ತಿರುಗಿ ತೂತುಗಳು ಎದುರುಬದುರಾದಾಗ ಪ್ರತ್ಯೇಕ ಜೆಟ್ಟಿನ ಪೆಟ್ರೋಲು ಗಾಳಿಯೊಂದಿಗೆ ಬೆರೆತು ಆಕ್ಸಿಲರೇಟರ್ ತುಳಿದಾಗ ತೆರೆಯುವ ಥ್ರಾಟಲಿನ ಕೆಳಗಡೆಗೆ ಹೋಗುತ್ತದೆ. ಮೂರಕ್ಕೂ ಹೊರಗಿನಿಂದ ಒಂದೇ ಗುಂಡಿ, ಒಂದೇ ವೈರು, ಒಂದೇ ಹೆಸರು. ಸಾಲದ್ದಕ್ಕೆ, ಹಳೆಯ ಬ್ರಿಟಿಷ್ ಕೈಪಿಡಿಗಳು ಕಾರ್ಬುರೇಟರಿನ ಗಾಳಿದಾರಿಯ ಕಿರಿದಾದ ನಡುವಾದ ವೆಂಚುರಿಯನ್ನೂ ಚೋಕ್ ಟ್ಯೂಬ್ ಎಂದೇ ಕರೆಯುತ್ತವೆ. ಅದನ್ನು ಓದಿ ತಪ್ಪು ಭಾಗಕ್ಕೆ ಆರ್ಡರ್ ಕೊಟ್ಟವರನ್ನು ನಾನು ಬಲ್ಲೆ. ಆದ್ದರಿಂದ ಪಾನಾ ಹಿಡಿಯುವ ಮೊದಲು ನಿಮ್ಮ ಮುಂದಿರುವುದು ಈ ಮೂರರಲ್ಲಿ ಯಾವುದು ಎಂದು ಖಚಿತಪಡಿಸಿಕೊಳ್ಳಬೇಕು. ಅಂದ ಹಾಗೆ, ಇಂಥ ಹಳೆಯ ಗಾಡಿಗಳಿಗೆಲ್ಲ ವಿಂಟೇಜ್ ಎಂಬ ಪದವನ್ನು ನಾವು ಸಡಿಲವಾಗಿ ಬಳಸುತ್ತೇವೆ. 2021ರ ಕೇಂದ್ರ ನಿಯಮಗಳ ಲೆಕ್ಕದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಚೋಕಿಗೆ ಆ ನಿಯಮ ತಿಳಿಯದು. 1990ರ ಪದ್ಮಿನಿಯಲ್ಲೂ ಅದು ಅದೇ ರೀತಿ ಹಿಡಿದುಕೊಳ್ಳುತ್ತದೆ.

ಚೋಕ್ ಮುಚ್ಚಿದ ಕಡೆಗೆ ಹಿಡಿದಿದೆಯೋ ತೆರೆದ ಕಡೆಗೋ ಎಂಬುದನ್ನು ಗಾಡಿಯೇ ಹೇಳುತ್ತದೆ. ಮುಚ್ಚಿದ ಕಡೆಗೆ ಹಿಡಿದಿದ್ದರೆ ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುವ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ತುಳಿಯದೆ ನಿಂತಲ್ಲೇ ಓಡುವಾಗ) ಕುಂಟುತ್ತದೆ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಮತ್ತು ಹಸಿ ಪೆಟ್ರೋಲಿನ ವಾಸನೆ ಬರುತ್ತದೆ, ಪ್ಲಗ್ಗಿನ ತುದಿಗೆ ಕಾಡಿಗೆಯಂಥ ಒಣ ಮಸಿ ಕೂರುತ್ತದೆ. ಹೀಗೆಯೇ ಬಹಳ ದಿನ ಓಡಿಸಿದರೆ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಗೊತ್ತಾಗುತ್ತದೆ. ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದರೆ ಸಂತೋಷಪಡದೆ ಮೊದಲು ಚೋಕನ್ನು ನೋಡಬೇಕು. ತೆರೆದ ಕಡೆಗೆ ಹಿಡಿದಿದ್ದರೆ ಡಿಸೆಂಬರಿನ ಮುಂಜಾವಿನಲ್ಲಿ ಎಂಜಿನ್ ಎಷ್ಟು ಸುತ್ತಿದರೂ ಸ್ಟಾರ್ಟ್ ಆಗುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ತಾನಾಗಿಯೇ ಸರಿಹೋಗುತ್ತದೆ. ಅನುಮಾನವಿದ್ದರೆ ಇನ್ನೊಂದು ಸುಲಭ ಪರೀಕ್ಷೆಯಿದೆ: ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಗುಂಡಿಯನ್ನು ನಿಧಾನವಾಗಿ ಎಳೆಯಿರಿ. ಎಂಜಿನ್ ಮೊದಲು ಸ್ವಲ್ಪ ವೇಗ ಪಡೆದು, ಅನಂತರ ರಿಚ್ ಆಗಿ ಮುಗ್ಗರಿಸಿದರೆ ಚೋಕ್ ಅಲ್ಲಿಯವರೆಗೆ ಸರಿಯಾಗಿ ತೆರೆದೇ ಇತ್ತು ಎಂದರ್ಥ. ಯಾವ ವ್ಯತ್ಯಾಸವೂ ಕಾಣದಿದ್ದರೆ ಒಂದೋ ವೈರು ಕಾರ್ಬುರೇಟರಿನವರೆಗೆ ಎಳೆತವನ್ನು ಮುಟ್ಟಿಸುತ್ತಿಲ್ಲ, ಇಲ್ಲವೇ ಒಳಗಿನ ಭಾಗ ಒಂದೆಡೆ ಸಿಕ್ಕಿಕೊಂಡಿದೆ.

ಈಗ ಬಾನೆಟ್ ಎತ್ತಿ ಮಾಡಬೇಕಾದ ಮೊದಲ ಕೆಲಸ ಕಾರ್ಬುರೇಟರ್ ಬಿಚ್ಚುವುದಲ್ಲ, ಚೋಕ್ ಲಿವರಿನಲ್ಲಿ ವೈರನ್ನು ಹಿಡಿದಿರುವ ಸ್ಕ್ರೂ ಸಡಿಲಿಸುವುದು. ವೈರು ಕಳಚಿದ ಮೇಲೆ ಲಿವರನ್ನು ಬೆರಳಿನಿಂದ ಆಡಿಸಿ ನೋಡಿ. ಅದು ಇಡೀ ದಾರಿಯಲ್ಲಿ ಸಮನಾಗಿ ಚಲಿಸಿ, ಸ್ಪ್ರಿಂಗಿದ್ದರೆ ಅದರ ಬಲದಿಂದ ಟಕ್ಕೆಂದು ಹಿಂದಿರುಗಿದರೆ ತಪ್ಪು ವೈರಿನದು. ಲಿವರೇ ತಡೆದರೆ ತಪ್ಪು ಕಾರ್ಬುರೇಟರಿನದು ಅಥವಾ ಅದರ ಕೊಂಡಿಗಳದು. ಎರಡು ನಿಮಿಷದ ಈ ಕೆಲಸ ಇಡೀ ಸಮಸ್ಯೆಯನ್ನು ಎರಡು ಹೋಳು ಮಾಡಿಕೊಡುತ್ತದೆ. ಕಾರ್ಬುರೇಟರ್ ಕಿಟ್ ಕೊಂಡುಕೊಂಡ ಉತ್ಸಾಹದಲ್ಲಿ ಇದನ್ನೇ ಹಾರಿಸಿ ಮುಂದಕ್ಕೆ ಹೋಗುವವರೇ ಹೆಚ್ಚು, ನಾನೂ ಅವರಲ್ಲಿ ಒಬ್ಬ.

ವೈರಿನ ದೋಷಗಳು ನೋಡಲು ಕ್ಷುಲ್ಲಕವೆನಿಸುತ್ತವೆ, ಆದರೆ ನನ್ನ ಅನುಭವದಲ್ಲಿ ಅವುಗಳ ಸಂಖ್ಯೆಯೇ ಅಧಿಕ. ಒಳಗಿನ ತಂತಿ ಎಳೆಯಬೇಕಾದರೆ ಹೊರಗಿನ ಕವಚ, ಅಂದರೆ ಔಟರ್, ಅಲುಗದೆ ನಿಂತಿರಬೇಕು. ಕಾರ್ಬುರೇಟರಿನ ಪಕ್ಕ ಅದನ್ನು ಹಿಡಿಯುವ ಪುಟ್ಟ ಕ್ಲಿಪ್ಪು ಸಡಿಲವಾಗಿದ್ದರೆ ಗುಂಡಿ ಎಳೆದಾಗ ತಂತಿಯ ಜೊತೆ ಔಟರೂ ಸರಿಯುತ್ತದೆ, ಒತ್ತಿದಾಗ ಔಟರ್ ಬಾಗುತ್ತದೆ, ಲಿವರು ಮಾತ್ರ ಇದ್ದಲ್ಲೇ ಇರುತ್ತದೆ. ತಂತಿಯ ತುದಿಯನ್ನು ಲಿವರಿಗೆ ಜೋಡಿಸುವ ತಿರುಗುಣಿಯನ್ನು ಹತ್ತಿರದಿಂದ ನೋಡಬೇಕು. ಲಿವರು ವೃತ್ತಾಕಾರವಾಗಿ ಚಲಿಸುವಾಗ ತಂತಿ ನೇರವಾಗಿಯೇ ಉಳಿಯಲು ಈ ತಿರುಗುಣಿ ತನ್ನ ರಂಧ್ರದಲ್ಲಿ ಸ್ವತಂತ್ರವಾಗಿ ತಿರುಗಬೇಕು. ತುಕ್ಕಿನಿಂದ ಅದು ಬಿಗಿದುಕೊಂಡರೆ ಪ್ರತಿ ಎಳೆತದಲ್ಲೂ ತಂತಿ ಅದರ ಬುಡದಲ್ಲಿಯೇ ಮಡಚಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಅಲ್ಲೊಂದು ಪುಟ್ಟ ಗೂನು ಮೂಡುತ್ತದೆ, ಆ ಗೂನು ಔಟರಿನ ಬಾಯಿಯೊಳಗೆ ಹೊಕ್ಕ ದಿನ ಚೋಕ್ ಹಿಡಿಯುತ್ತದೆ. ಇಕ್ಕಳದಿಂದ ಅದನ್ನು ನೆಟ್ಟಗೆ ಮಾಡಿದರೆ ನಾಲ್ಕು ದಿನ ಬಾಳೀತು. ಹೊಸ ವೈರು ಹಾಕಿ, ತಿರುಗುಣಿಗೆ ಒಂದು ತೊಟ್ಟು ಎಣ್ಣೆ ಬಿಡುವುದೇ ಸರಿ. ವೈರನ್ನು ಪೂರ್ತಿ ಹೊರತೆಗೆದು ನೇರವಾಗಿ ಹಿಡಿದು ಎಳೆದರೆ ಸರಾಗವಾಗಿ ಓಡುತ್ತದೆ, ಗಾಡಿಯಲ್ಲಿ ಮಾತ್ರ ಓಡುವುದಿಲ್ಲ ಎಂದಾದರೆ ಅದು ಸಾಗುವ ದಾರಿಯಲ್ಲಿ ತೀರಾ ಕಿರಿದಾದ ತಿರುವು ಇದೆ ಎಂದು ತಿಳಿಯಬೇಕು. ಮಳೆಗಾಲ ಮುಗಿದ ಮೇಲೆ ಶೆಡ್ಡಿನಿಂದ ತೆಗೆದ ಕಾರಿನಲ್ಲಿ ಚೋಕ್ ಲಿವರಿನ ಹಿಂದೆ ಕಣಜ ಕಟ್ಟಿದ ಮಣ್ಣಿನ ಗೂಡನ್ನೂ ನಾನು ಕಂಡಿದ್ದೇನೆ. ಅದಕ್ಕೆ ಬೇಕಾದದ್ದು ಸ್ಕ್ರೂ ಡ್ರೈವರಿನ ಒಂದು ಗೀರು ಮಾತ್ರ.

ಲಿವರೇ ತಡೆಯುತ್ತಿದೆ ಎಂದು ಖಚಿತವಾದರೆ ಕಾರ್ಬುರೇಟರ್ ಹೊರಬರಬೇಕು. ಅದಕ್ಕೂ ಮುನ್ನ ಇನ್ನೊಂದು ವಿಷಯ ಗಮನಿಸಿಕೊಂಡಿದ್ದರೆ ಹುಡುಕಾಟ ಹಗುರವಾಗುತ್ತದೆ: ಚೋಕ್ ಹಿಡಿಯುವುದು ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ಹಳೆಯ ಕಾರ್ಬುರೇಟರುಗಳ ಮೈ ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಬಿಸಿಗೆ ಸತು ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಹಿತ್ತಾಳೆಗಿಂತಲೂ ಹೆಚ್ಚು. ಆದ್ದರಿಂದ ಮೈ ಬಿಸಿಯಾದಂತೆ ಪ್ಲೇಟನ್ನು ಹೊತ್ತು ತಿರುಗುವ ಶಾಫ್ಟಿನ ರಂಧ್ರವೂ ಪ್ಲೇಟಿನ ಸುತ್ತಲಿನ ಬಾಯಿಯೂ ತುಸು ಸಡಿಲವಾಗುತ್ತವೆ. ತಣ್ಣಗಿದ್ದಾಗ ಹಿಡಿದು ಬಿಸಿಯಾದಾಗ ಬಿಡುವ ಚೋಕಿನಲ್ಲಿ ಶಾಫ್ಟನ್ನೂ ಪ್ಲೇಟಿನ ಅಂಚನ್ನೂ ನೋಡಬೇಕು. ಬಿಸಿಯಾದಾಗ ಮಾತ್ರ ಹಿಡಿಯುವುದಾದರೆ ಶಾಫ್ಟಿನ ಮೇಲಿನ ಅನುಮಾನ ಬಹುತೇಕ ಬಿಡಬಹುದು. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ತೀರಾ ಹತ್ತಿರ ಹಾದುಹೋಗಿ ಪ್ಲಾಸ್ಟಿಕ್ ಒಳಪದರ ಮೆತ್ತಗಾದ ವೈರನ್ನೋ, ಒಣಗಿದ್ದಾಗ ಸುಮ್ಮನಿದ್ದು ಕಾವಿಗೆ ಬಂಕೆಯಂತೆ ಅಂಟಾಗುವ ಹಳೆಯ ಪೆಟ್ರೋಲಿನ ಪದರವನ್ನೋ ಹುಡುಕಬೇಕು.

ಶಾಫ್ಟು ಹಿಡಿಯಲು ಎರಡು ಬಗೆಯ ಕೊಳೆ ಕಾರಣ, ಮತ್ತು ಅವುಗಳ ಮದ್ದು ಬೇರೆ ಬೇರೆ. ಪೆಟ್ರೋಲು ಆರಿಹೋದ ಮೇಲೆ ಉಳಿಯುವ ಅರಗಿನಂಥ ಕಂದು ಪದರ ಕಾರ್ಬುರೇಟರ್ ಕ್ಲೀನರಿಗೆ ಕರಗುತ್ತದೆ. ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು, ಮತ್ತೆ ಸಿಂಪಡಿಸಿದರೆ ಸಾಮಾನ್ಯವಾಗಿ ಸಾಕು. ಬಿಳಿಯ ಪುಡಿ ಬೇರೆಯ ಸಂಗತಿ. ಅದು ಸತು ತೇವಕ್ಕೆ ಕೊಳೆತು ಆದದ್ದು, ಆ ಕ್ಲೀನರಿಗೆ ಕರಗುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಮಲೆನಾಡಿನಲ್ಲಿ ನಾಲ್ಕು ತಿಂಗಳು ಅಲುಗಾಡದೆ ನಿಂತ ಕಾರಿನ ಶಾಫ್ಟಿನ ಎರಡೂ ತುದಿಯಲ್ಲಿ ಈ ಪುಡಿ ಕಾಣದಿದ್ದರೆ ಆಶ್ಚರ್ಯ. ಇಂಥ ಶಾಫ್ಟನ್ನು ಇಕ್ಕಳ ಹಾಕಿ ತಿರುಚಬಾರದು; ತೆಳ್ಳಗಿನ ಶಾಫ್ಟು ತಾನೇ ತಿರುಚಿಕೊಂಡು, ಲಿವರು ಒಂದು ಕೋನದಲ್ಲಿ ಪ್ಲೇಟು ಇನ್ನೊಂದು ಕೋನದಲ್ಲಿ ನಿಲ್ಲುತ್ತವೆ, ಆಮೇಲೆ ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ತುದಿಗೆ ಬಿಟ್ಟು ಒಂದು ರಾತ್ರಿ ಇರಿಸಿ, ಮರುದಿನ ಪೆಟ್ರೋಲೆಲ್ಲ ಒಣಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಆ ಭಾಗದ ಮೇಲೆ ಕುದಿಯುವ ನೀರು ಸುರಿಯುವುದು ನನ್ನ ರೂಢಿ. ಮೇಲೆ ಹೇಳಿದ ಹಿಗ್ಗುವ ಗುಣವೇ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಬೆಂಕಿಯ ಜ್ವಾಲೆ ಬೇಡ; ಸತುವಿನ ಎರಕ ಸುಲಭವಾಗಿ ಸೊಟ್ಟಗಾಗುತ್ತದೆ.

ತೊಳೆಯುವ ವಿಷಯದಲ್ಲಿ ಮನೆಮದ್ದುಗಳ ಬಗ್ಗೆ ಎಚ್ಚರ ಹೇಳಬೇಕು. ಹಿತ್ತಾಳೆಯ ದೀಪವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವವರಿಗೆ ಹಿತ್ತಾಳೆಯ ಜೆಟ್ಟನ್ನೂ ಹಾಗೆಯೇ ಬೆಳಗಬಹುದೆನಿಸುವುದು ಸಹಜ, ಜೆಟ್ಟಿಗೆ ಅದರಿಂದ ದೊಡ್ಡ ಕೇಡೂ ಇಲ್ಲ. ಆದರೆ ಅದೇ ಹುಳಿ ನೀರಿಗೆ ಇಡೀ ಕಾರ್ಬುರೇಟರನ್ನು ಮುಳುಗಿಸಿಟ್ಟರೆ ಹುಳಿ ಸತುವನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡಾ ಕೂಡ ಅಷ್ಟೇ ಅಪಾಯಕಾರಿ. ಜೆಟ್ಟಿನ ರಂಧ್ರಗಳನ್ನು ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಕೊರೆದಿರುತ್ತಾರೆ. ಅವುಗಳಿಗೆ ಉಕ್ಕಿನ ತಂತಿ ತೂರಿಸುವ ಬದಲು ಕಂಪ್ರೆಸರಿನ ಗಾಳಿ ಹೊಡೆಯಬೇಕು, ತೀರಾ ಮೊಂಡು ಕೊಳೆಯಾದರೆ ಸಣ್ಣಗೆ ಸೀಳಿದ ಪೊರಕೆ ಕಡ್ಡಿ ಸಾಕು.

ಪ್ಲೇಟನ್ನು ಶಾಫ್ಟಿಗೆ ಹಿಡಿದಿರುವ ಎರಡು ಪುಟ್ಟ ಸ್ಕ್ರೂಗಳೇ ಇಡೀ ಕೆಲಸದ ಅತ್ಯಂತ ಅಪಾಯದ ಜಾಗ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾರ್ಖಾನೆಯಲ್ಲಿ ಈ ಸ್ಕ್ರೂಗಳನ್ನು ಬಿಗಿದ ಮೇಲೆ ಹಿಂಬದಿಯ ತುದಿಯನ್ನು ಜಜ್ಜಿ ಅಗಲಗೊಳಿಸಿರುತ್ತಾರೆ, ಎಂದಿಗೂ ಬಿಚ್ಚಿಕೊಳ್ಳಬಾರದೆಂದು. ಅದನ್ನು ಗಮನಿಸದೆ ಬಲವಂತವಾಗಿ ತಿರುಗಿಸಿದರೆ ಒಂದೋ ಸ್ಕ್ರೂವಿನ ತಲೆ ಹಾರುತ್ತದೆ, ಇಲ್ಲವೇ ಶಾಫ್ಟಿನ ರಂಧ್ರದೊಳಗಿನ ಸ್ಕ್ರೂ ಸುತ್ತುಗಳು ಸವೆದುಹೋಗುತ್ತವೆ. ಜಜ್ಜಿದ ತುದಿಯನ್ನು ಸಣ್ಣ ಅರದಿಂದ ಸಮ ಮಾಡಿಕೊಂಡೇ ಬಿಚ್ಚಬೇಕು, ಬಿಚ್ಚುವ ಮುನ್ನ ಪ್ಲೇಟಿನ ಮೇಲ್ಮೈಗೂ ಮೇಲ್ತುದಿಗೂ ಗುರುತು ಹಾಕಿಕೊಳ್ಳಬೇಕು. ಪ್ಲೇಟಿನ ಅಂಚು ನೇರವಾಗಿ ಕತ್ತರಿಸಿದ್ದಲ್ಲ, ಓರೆಯಾಗಿ ಇಳಿಜಾರಾದದ್ದು; ತಿರುವುಮುರುವಾಗಿ ಕೂರಿಸಿದರೆ ಮುಚ್ಚುವ ಕೊನೆಯ ಹಂತದಲ್ಲಿ ಬಾಯಿಯ ಗೋಡೆಗೆ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಶಾಫ್ಟು ಕೂಡ ಪ್ಲೇಟಿನ ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಎಂಜಿನ್ ಸ್ಟಾರ್ಟ್ ಆದೊಡನೆ ನುಗ್ಗುವ ಗಾಳಿ ಪ್ಲೇಟಿನ ದೊಡ್ಡ ಪಾಲನ್ನು ಒತ್ತಿ ತಾನೇ ಸ್ವಲ್ಪ ತೆರೆದುಕೊಳ್ಳಲಿ ಎಂಬುದು ಅದರ ಉದ್ದೇಶ. ಶಾಫ್ಟು ಬಿಗಿಯಾಗಿದ್ದರೆ ಈ ಬಿಡುಗಡೆ ಸಿಗದೆ ಎಂಜಿನ್ ಎರಡು ಸಲ ಕೆಮ್ಮಿ ಫ್ಲಡ್ ಆಗುತ್ತದೆ, ಅಂದರೆ ಪೆಟ್ರೋಲು ಅತಿಯಾಗಿ ನಿಂತುಬಿಡುತ್ತದೆ.

ಮರುಜೋಡಣೆಯಲ್ಲಿ ಹೊಸ ಸ್ಕ್ರೂಗಳನ್ನು ಅರ್ಧ ಬಿಗಿದು, ಪ್ಲೇಟನ್ನು ಮುಚ್ಚಿ, ನಾಲ್ಕೈದು ಸಲ ತೆರೆದು ಮುಚ್ಚಿ, ಅದು ತನ್ನ ಜಾಗವನ್ನು ತಾನೇ ಹುಡುಕಿಕೊಂಡ ಮೇಲೆ ಪೂರ್ತಿ ಬಿಗಿಯಬೇಕು. ಆಮೇಲೆ ಟ್ಯೂಬ್‌ಲೈಟಿನ ಎದುರು ಹಿಡಿದು ನೋಡಿದರೆ ಪ್ಲೇಟಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಬೆಳಕು ಎಲ್ಲೆಡೆ ಒಂದೇ ಸಮ ಕಾಣಬೇಕು. ಒಂದು ಕಡೆ ಕತ್ತಲು, ಇನ್ನೊಂದು ಕಡೆ ದಪ್ಪ ಬೆಳಕು ಎಂದರೆ ಪ್ಲೇಟು ಪಕ್ಕಕ್ಕೆ ಸರಿದಿದೆ. ಕತ್ತಲಿರುವ ಕಡೆಯೇ ಅದು ಹಿಡಿಯುವ ಜಾಗ. ಗೋಡೆಗೆ ಉಜ್ಜುವ ಪ್ಲೇಟಿನ ಅಂಚನ್ನು ಅರದಿಂದ ತೆಗೆದು ಸಡಿಲ ಮಾಡುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಹಿಡಿತವೇನೋ ಹೋಗುತ್ತದೆ, ಅದರ ಜೊತೆಗೆ ಚೋಕಿನ ಕೆಲಸವೂ ಹೋಗುತ್ತದೆ. ಕೊನೆಗೆ ಶಾಫ್ಟಿನ ಅಡಿಗೆ ಮರದ ತುಂಡಿನ ಆಸರೆ ಕೊಟ್ಟು ಸ್ಕ್ರೂಗಳ ತುದಿಯನ್ನು ಮೆಲ್ಲನೆ ಜಜ್ಜಬೇಕು, ಅಥವಾ ಪೆಟ್ರೋಲನ್ನು ತಾಳುವ ಅಂಟು ಹಾಕಬೇಕು. ಸಡಿಲವಾಗಿ ಉದುರಿದ ಸ್ಕ್ರೂ ಹೋಗುವುದು ನೇರವಾಗಿ ವೆಂಚುರಿಯ ಮೂಲಕ ಸಿಲಿಂಡರಿನೊಳಗೆ. ಅದರ ಖರ್ಚನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಸೋಲೆಕ್ಸಿನ ಬಿಲ್ಲೆಯ ತೊಂದರೆ ಇನ್ನೂ ಮೋಸದ್ದು, ಏಕೆಂದರೆ ಲಿವರು ಪೂರ್ತಿ ಹಿಂದಿರುಗಿದಂತೆ ಕಂಡರೂ ಬಿಲ್ಲೆಯ ಮುಖದಲ್ಲಿ ಗೀರು ಬಿದ್ದಿದ್ದರೆ ಅಥವಾ ಅದು ತನ್ನ ಆಸನಕ್ಕೆ ಸಮನಾಗಿ ಕೂರದಿದ್ದರೆ ಪೆಟ್ರೋಲು ಸೋರುತ್ತಲೇ ಇರುತ್ತದೆ. ಆ ಪುಟ್ಟ ಕವಚದ ಸ್ಕ್ರೂಗಳನ್ನು ಬಿಚ್ಚಿ ಬಿಲ್ಲೆಯನ್ನು ಹೊರತೆಗೆದಾಗ ಅದರ ಮೇಲೆ ಹಳೆಯ ಪೆಟ್ರೋಲಿನ ಕಂದು ಉಂಗುರಗಳು ಕಾಣುತ್ತವೆ. ಮೊದಲು ಕ್ಲೀನರಿನಿಂದ ಒರೆಸಿ, ಗೀರು ಉಳಿದಿದ್ದರೆ ದಪ್ಪ ಗಾಜಿನ ಹಲಗೆಯ ಮೇಲೆ ಅತಿ ನಯವಾದ ಎಮರಿ ಪೇಪರ್ ಇಟ್ಟು, ಒಂದೆರಡು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಬೇಕು. ಮುಖದ ತುಂಬ ಒಂದೇ ಬಣ್ಣದ ಮಾಸಲು ಹೊಳಪು ಬಂದರೆ ಸಾಕು. ಗ್ರೀಸು ಹಚ್ಚಿ ಪ್ರಯೋಜನವಿಲ್ಲ, ಪೆಟ್ರೋಲು ಅದನ್ನು ತೊಳೆದುಬಿಡುತ್ತದೆ. ಇದರ ಜೊತೆಗೆ ಒಂದು ಮಾತು: ಚೋಕೇ ಕೆಲಸ ಮಾಡುತ್ತಿಲ್ಲ ಎಂದು ದೂರುವ ಅನೇಕ ಪದ್ಮಿನಿ ಮಾಲೀಕರ ಗಾಡಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಈ ಸ್ಟಾರ್ಟರಿಗೆ ಬೇಕಾದ ನಿರ್ವಾತ ಥ್ರಾಟಲ್ ಮುಚ್ಚಿದ್ದಾಗ ಮಾತ್ರ ಸಿಗುತ್ತದೆ; ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ತುಳಿದರೆ ಅದು ಸತ್ತಂತೆಯೇ. ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆದು ಗುಂಡಿ ಎಳೆದರೆ ಅದೇ ಗಾಡಿ ಮರುಮಾತಿಲ್ಲದೆ ಸ್ಟಾರ್ಟ್ ಆಗುತ್ತದೆ.

ಎಸ್‌ಯುವಿನಲ್ಲಿ ಹಿಡಿಯುವುದು ಜೆಟ್ಟು. ಗುಂಡಿ ಒತ್ತಿದಾಗ ಜೆಟ್ಟು ಮೇಲಕ್ಕೆ ಹಿಂದಿರುಗದೆ ನಡುವೆಯೇ ತಂಗಿದರೆ ಮೊದಲು ಅದರ ಸ್ಪ್ರಿಂಗನ್ನು ನೋಡಬೇಕು, ಅನಂತರ ಕಾರ್ಬುರೇಟರಿನಲ್ಲಿ ಪೆಟ್ರೋಲು ತುಂಬಿರುವ ಫ್ಲೋಟ್ ಚೇಂಬರಿನಿಂದ ಜೆಟ್ಟಿಗೆ ಬರುವ ತೆಳುವಾದ ನೈಲಾನ್ ಕೊಳವೆಯನ್ನು. ಆ ಕೊಳವೆ ವಯಸ್ಸಾದಂತೆ ಗಡುಸಾಗಿ ಜೆಟ್ಟನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಎಷ್ಟು ಶುಚಿ ಮಾಡಿದರೂ ಅದು ಹೋಗುವುದಿಲ್ಲ. ಕೊಳವೆ ಸಹಿತವಾದ ಹೊಸ ಜೆಟ್ಟೇ ಬೇಕು. ಬದಲಾಯಿಸಿದ ಮೇಲೆ ಸೂಜಿಯನ್ನು ಹೊತ್ತಿರುವ ಕಾರ್ಬುರೇಟರಿನ ಪಿಸ್ಟನ್ನನ್ನು ಎತ್ತಿ ಬಿಟ್ಟರೆ ಅದು ಕೆಳಗಿನ ಲೋಹಕ್ಕೆ ತಾಗಿ ಟಕ್ಕೆಂದು ಸ್ಪಷ್ಟವಾಗಿ ಸದ್ದು ಮಾಡಬೇಕು. ಜೆಟ್ಟನ್ನು ಕೆಳಗಿಳಿಸಿದಾಗ ಸದ್ದು ಜೋರಾಗಿ, ಮೇಲಿದ್ದಾಗ ಮೆತ್ತಗೆ ಬಂದರೆ ಸೂಜಿ ಜೆಟ್ಟಿನ ಗೋಡೆಗೆ ತಾಗುತ್ತಿದೆ, ಮಧ್ಯಕ್ಕೆ ತರುವ ಕೆಲಸ ಇನ್ನೂ ಬಾಕಿಯಿದೆ.

ಮೂರೂ ಬಗೆಗಳಲ್ಲಿ ಚೋಕ್ ಎಳೆದಾಗ ಎಂಜಿನ್ನಿನ ವೇಗವೂ ತುಸು ಏರುವ ಏರ್ಪಾಡು ಒಂದಿಲ್ಲೊಂದು ರೀತಿಯಲ್ಲಿ ಇರುತ್ತದೆ. ಪ್ಲೇಟು ಅಥವಾ ಜೆಟ್ಟನ್ನು ಬಳಸುವ ಕಾರ್ಬುರೇಟರುಗಳಲ್ಲಿ ಇದನ್ನು ಮಾಡುವುದು ಥ್ರಾಟಲಿಗೆ ತಾಗುವ ಒಂದು ಕೊಂಡಿ. ಚೋಕ್ ಹಿಡಿದರೆ ಈ ಕೊಂಡಿ ಥ್ರಾಟಲನ್ನೂ ಹಿಡಿದುಕೊಳ್ಳುತ್ತದೆ, ಚಾರ್ಮಾಡಿಯ ತಿರುವುಗಳಲ್ಲಿ ಕಾಲು ತೆಗೆದರೂ ಎಂಜಿನ್ನಿನ ವೇಗ ಇಳಿಯದಿರುವುದು ಸಣ್ಣ ವಿಷಯವಲ್ಲ. ಮೈಲೇಜಿನ ಚಿಂತೆಯಿಲ್ಲದವರೂ ಈ ಕಾರಣಕ್ಕಾದರೂ ಚೋಕನ್ನು ಸರಿಮಾಡಿಸಬೇಕು.

ಇನ್ನು ಆ ಜೀಪಿನ ವಿಷಯ. ಮೂರನೆಯ ಸಲವೂ ಸೋತು, ನೋಡಲು ಬಂದ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಮುಂದೆ ಗುಂಡಿ ಎಳೆದು ತೋರಿಸಿದೆ. ಅವರು ಕಾರ್ಬುರೇಟರನ್ನು ಮುಟ್ಟಲೇ ಇಲ್ಲ. ಏರ್ ಕ್ಲೀನರಿನ ರಬ್ಬರ್ ಕೊಳವೆಯನ್ನು ಕಾರ್ಬುರೇಟರಿನ ಬಾಯಿಗೆ ಬಿಗಿದಿದ್ದ ಹೊಸ ಕ್ಲಿಪ್ಪಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದರು. ಒಳಗಿನಿಂದ ಟಕ್ಕೆಂದು ಸದ್ದಾಯಿತು, ಪ್ಲೇಟು ತಾನಾಗಿಯೇ ತೆರೆದುಕೊಂಡಿತು. “ಬಿಗಿಯಾಗಿದ್ರೆ ಸಾಕು ಸಾರ್, ಜೀವ ತೆಗೀಬಾರ್ದು” ಎಂದರು. ಧೂಳು ಒಳಹೋಗಬಾರದೆಂದು ರಬ್ಬರು ಉಬ್ಬುವಷ್ಟು ನಾನು ಬಿಗಿದಿದ್ದೆ. ತೆಳುವಾದ ಎರಕದ ಬಾಯಿ ಅಷ್ಟಕ್ಕೇ ಅಂಡಾಕಾರಕ್ಕೆ ತಿರುಗಿತ್ತು. ಆಮೇಲೆ ಕ್ಲಿಪ್ಪನ್ನು ಮತ್ತೆ ಮೊದಲಿನಂತೆಯೇ ಬಿಗಿದು ವರ್ನಿಯರ್ ಹಿಡಿದು ನೋಡಿದಾಗ ಒಂದು ದಿಕ್ಕಿನ ಅಗಲ ಇನ್ನೊಂದಕ್ಕಿಂತ ಸುಮಾರು 0.3 ಮಿಲಿಮೀಟರ್ ಕಡಿಮೆಯಿತ್ತು. ಕೂದಲೆಳೆಯ ಸಂದಿನಲ್ಲಿ ತಿರುಗುವ ಪ್ಲೇಟಿಗೆ ಅದು ಗೋಡೆಯೇ ಸರಿ. ಮೇಜಿನ ಮೇಲೆ ಕ್ಲಿಪ್ಪು ಇರುತ್ತಿರಲಿಲ್ಲ, ಹೀಗಾಗಿ ದೋಷವೂ ಇರುತ್ತಿರಲಿಲ್ಲ.

ಇದೇ ಜಾತಿಯ ತಪ್ಪುಗಳು ಇನ್ನೂ ಕೆಲವಿವೆ. ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿದರೆ ಮುಚ್ಚಳ ಸೊಟ್ಟಗಾಗುತ್ತದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹಾಳೆಯಿಂದ ಕೈಯಲ್ಲೇ ಕತ್ತರಿಸಿದ ಪ್ಯಾಕಿಂಗಿನ ಅಂಚು ಬಾಯಿಯೊಳಗೆ ಚಾಚಿಕೊಂಡು ಪ್ಲೇಟಿಗೆ ತಾಗಬಹುದು. ಬುಡದ ನಟ್ಟುಗಳನ್ನು ಅತಿಯಾಗಿ ಬಿಗಿದರೆ ಕೆಳಗಿನ ಚಾಚು ಬಾಗಿ ಥ್ರಾಟಲ್ ಹಿಡಿಯುತ್ತದೆ, ಕೊಂಡಿಯ ಮೂಲಕ ಅದು ಚೋಕಿನ ತೊಂದರೆಯಂತೆ ಕಾಣಿಸುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಜೋಡಿಸುವಾಗ ಪ್ರತಿಯೊಂದು ನಟ್ಟು, ಪ್ರತಿಯೊಂದು ಕ್ಲಿಪ್ಪು ಬಿಗಿದ ಕೂಡಲೇ ಚೋಕನ್ನೂ ಥ್ರಾಟಲನ್ನೂ ಒಮ್ಮೆ ಆಡಿಸಿ ನೋಡುವುದು. ಯಾವುದನ್ನು ಬಿಗಿದಾಗ ಚಲನೆ ಭಾರವಾಯಿತೋ ಅದೇ ಅಪರಾಧಿ.

ಈಗಿನ ಪೆಟ್ರೋಲಿನ ಬಗ್ಗೆಯೂ ಎರಡು ಮಾತು ಹೇಳಬೇಕು. 2025ರ ಹೊತ್ತಿಗೆ ದೇಶದ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 9 ಪಾಲು ಗಾಳಿ ಸಾಕು, ಆದ್ದರಿಂದ ಹಳೆಯ ಜೆಟ್ಟುಗಳ ಮಟ್ಟಿಗೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚಾಗುತ್ತದೆ. ಅದು ಕುದಿಯುವುದು 78 ಡಿಗ್ರಿ ಸೆಲ್ಸಿಯಸಿನಲ್ಲಿ, ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಹೀರುತ್ತದೆ, ಹೀಗಾಗಿ ಚಳಿಯಲ್ಲಿ ಚೋಕಿನ ಅವಶ್ಯಕತೆ ಹೆಚ್ಚೇ ಆಗುತ್ತದೆ. ಅದು ತೇವವನ್ನು ಎಳೆದುಕೊಳ್ಳುವುದರಿಂದ ನಿಂತ ಕಾರಿನ ಸತುವಿನ ಮೇಲೆ ಬಿಳಿ ಪುಡಿಯೂ ಬೇಗ ಕಾಣಿಸಿಕೊಳ್ಳುತ್ತದೆ. ಮಳೆಗಾಲಕ್ಕೆ ಕಾರನ್ನು ನಿಲ್ಲಿಸುವ ಮುನ್ನ ಟ್ಯಾಂಕಿನ ಕೊಳಾಯಿ ಮುಚ್ಚಿ, ಅಂಥದ್ದಿಲ್ಲದಿದ್ದರೆ ಪಂಪಿಗೆ ಬರುವ ಕೊಳವೆ ಕಳಚಿ ಅದರ ಬಾಯಿಗೆ ಬಿರಡೆ ಹಾಕಿ, ಕಾರ್ಬುರೇಟರಿನ ಬೌಲು (ಫ್ಲೋಟ್ ಚೇಂಬರು) ಬರಿದಾಗುವವರೆಗೆ ಎಂಜಿನ್ ಓಡಿಸಬೇಕು. ಚೋಕ್ ಶಾಫ್ಟಿನ ಎರಡೂ ತುದಿಗೆ ತೆಳು ಎಣ್ಣೆಯ ಒಂದೊಂದೇ ಹನಿ ಬಿಟ್ಟರೆ ಸಾಕು. ದಪ್ಪ ಎಣ್ಣೆಯಾದರೆ ಫೆಬ್ರವರಿಯಲ್ಲಿ ತೋಟದ ರಸ್ತೆಯ ಕೆಂಪು ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ನಿಂತ ಕಾರಿನ ಗುಂಡಿಯನ್ನು ಹದಿನೈದು ದಿನಕ್ಕೊಮ್ಮೆ ಎಳೆದು ಒತ್ತುತ್ತಿರಬೇಕು.

ವೈರನ್ನು ಮರಳಿ ಜೋಡಿಸುವಾಗ ಗುಂಡಿಯನ್ನು ಪೂರ್ತಿ ಒಳಗೊತ್ತಿ, ಅಲ್ಲಿಂದ ಒಂದೆರಡು ಮಿಲಿಮೀಟರ್ ಹೊರಗೆಳೆದು ಇಟ್ಟುಕೊಂಡು, ಪ್ಲೇಟು ಪೂರ್ತಿ ತೆರೆದಿರುವಾಗ ಸ್ಕ್ರೂ ಬಿಗಿಯಿರಿ. ಆ ಎರಡು ಮಿಲಿಮೀಟರಿನ ಸಡಿಲ ಇಲ್ಲದಿದ್ದರೆ ಗುಂಡಿ ಡ್ಯಾಶ್‌ಬೋರ್ಡಿಗೆ ತಾಗಿ ನಿಂತಿರುತ್ತದೆ, ಪ್ಲೇಟು ಇನ್ನೂ ಒಂದಿಷ್ಟು ಮುಚ್ಚಿಯೇ ಇರುತ್ತದೆ. ಹದಿನೈದು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ಬಿಸಿಯಿರುವಾಗಲೇ ಬಾನೆಟ್ ಎತ್ತಿ, ಕಾರಿನೊಳಗೆ ಇನ್ನೊಬ್ಬರನ್ನು ಕೂರಿಸಿ ಗುಂಡಿ ಎಳೆಸಿ ಒತ್ತಿಸಿ, ಲಿವರು ತನ್ನ ಕೊನೆಯ ತಡೆಗೆ ಹೋಗಿ ತಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಪಾನಾಗಳನ್ನು ಒರೆಸಿ ಒಳಗಿಡಬಹುದು.